ಒಂದೂಕಾಲು ಗುಂಟೆ ಅಂಕಣ, ಇಡೀ ಊರಿನ ಮಾನ: ಹೈಸ್ಕೂಲ್ ಕಬಡ್ಡಿ ಗೆದ್ರೆ ಊರೇ ಯಾಕೆ ಕುಣಿಯುತ್ತೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಬಸ್ಸಿನಾಗ ಇಯರ್‌ಫೋನ್ ಮರೆತವರು ಓದ್ಕೊಳ್ಳಿ.)

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮೂರಿನ ಹೈಸ್ಕೂಲ್ ತಂಡ ಕಬಡ್ಡಿಯಲ್ಲೋ ಖೋ-ಖೋದಲ್ಲೋ ತಾಲೂಕಿಗೆ ಫಸ್ಟ್ ಬಂದ ದಿನ ನೆನಪಿದೆಯಾ? ಅವತ್ತು ನಿಮ್ಮ ಫೋನಿನಲ್ಲಿ ಎಷ್ಟು ಜನರ ಸ್ಟೇಟಸ್ ಅದೇ ಫೋಟೊ ಆಗಿತ್ತು? ಶಾಲೆ ಬಿಟ್ಟು ಹತ್ತು ವರ್ಷ ಆದವರು, ಬೆಂಗಳೂರಲ್ಲಿ ಕೆಲಸ ಮಾಡೋರು, ಗೋವಾಕ್ಕೆ ದುಡಿಯೋಕೆ ಹೋದವರು, ಎಲ್ಲರೂ ‘ನಮ್ಮೂರ ಹುಲಿಗಳು’ ಅಂತ ಹಾಕಿರ್ತಾರೆ. ಹದಿನೈದು-ಹದಿನಾರು ವರ್ಷದ ಹನ್ನೆರಡು ಮಕ್ಕಳು ಆಡಿದ ಆಟಕ್ಕೆ ಇಡೀ ಊರು ಯಾಕೆ ಇಷ್ಟು ಹಚ್ಕೊಳ್ಳುತ್ತೆ? ಅದರಿಂದ ಆ ಮಕ್ಕಳಿಗೆ ಏನು ಸಿಗುತ್ತೆ, ಏನು ಹೋಗುತ್ತೆ? ಇವತ್ತಿನ ಮಾತು ಇಷ್ಟೇ.

ಮೊದಲೇ ಹೇಳಿಬಿಡ್ತೀನಿ, ಈ ವಿಷಯದಲ್ಲಿ ನಾನು ಪೂರ್ತಿ ಹೊರಗಿನವ ಅಲ್ಲ. ಗದಗದಿಂದ ಕೊಪ್ಪಳ ರಸ್ತೆ ಹಿಡಿದು ಹನ್ನೊಂದು-ಹನ್ನೆರಡು ಕಿಲೋಮೀಟರ್ ಬಂದ್ರೆ ಲಕ್ಕುಂಡಿ. ಪ್ರವಾಸಿಗರಿಗೆ ಅದು ಕಾಶಿ ವಿಶ್ವೇಶ್ವರ ಗುಡಿ, ಬ್ರಹ್ಮ ಜಿನಾಲಯ, ಮುಸುಕಿನ ಬಾವಿ. ‘ನೂರೊಂದು ಗುಡಿ, ನೂರೊಂದು ಬಾವಿ’ ಅನ್ನೋ ಊರು. ನಾನು ಓದಿದ್ದು ಅದೇ ಸೀಮೆಯ ಒಂದು ಸಣ್ಣ ಊರಿನ ಹೈಸ್ಕೂಲ್‌ನಲ್ಲಿ. ಕಬಡ್ಡಿ ತಂಡದಲ್ಲಿ ಅಂಕಣಕ್ಕೆ ಇಳಿಯೋದು ಏಳು ಜನ, ಪಟ್ಟಿಯಲ್ಲಿ ಇರೋದು ಹನ್ನೆರಡು. ನಾನು ಆ ಹನ್ನೆರಡನೆಯವ. ನೀರಿನ ಬಾಟಲಿ, ಎಲ್ಲರ ಚಪ್ಪಲಿ ಕಾಯೋ ಕೆಲಸ ನಂದು. ಹಾಗಾಗಿ ಆಟ ಆಡಿದ್ದಕ್ಕಿಂತ, ಆಟ ನೋಡೋ ಜನರನ್ನ ನೋಡಿದ್ದೇ ಜಾಸ್ತಿ.

ಒಂದು ಏಣಿ, ಐದಾರು ಮೆಟ್ಟಿಲು

ಊರಿನ ಅಭಿಮಾನ ಅರ್ಥ ಆಗಬೇಕು ಅಂದ್ರೆ ಮೊದಲು ಟೂರ್ನಮೆಂಟ್ ಹೇಗೆ ನಡೆಯುತ್ತೆ ಅಂತ ಗೊತ್ತಿರಬೇಕು. ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟ ಒಂದು ಏಣಿ ಇದ್ದಂಗೆ. ಕೆಳಗಿನ ಮೆಟ್ಟಿಲು ವಲಯ ಮಟ್ಟ, ಅಂದ್ರೆ ಅಕ್ಕಪಕ್ಕದ ಒಂದಷ್ಟು ಶಾಲೆಗಳು. ಅಲ್ಲಿ ಗೆದ್ದವರು ತಾಲೂಕಿಗೆ. ತಾಲೂಕಲ್ಲಿ ಗೆದ್ದವರು ಜಿಲ್ಲೆಗೆ. ಆಮೇಲೆ ವಿಭಾಗ, ಆಮೇಲೆ ರಾಜ್ಯ. ರಾಜ್ಯ ತಂಡಕ್ಕೆ ಆಯ್ಕೆ ಆದವರು ರಾಷ್ಟ್ರ ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಹೋಗ್ತಾರೆ. ಮಳೆಗಾಲದಲ್ಲಿ ಶುರುವಾಗಿ, ಕೆಳಗಿನ ಮೆಟ್ಟಿಲುಗಳೆಲ್ಲ ದಸರಾ ಆಸುಪಾಸಿಗೆ ಮುಗಿದಿರುತ್ತೆ.

ಇದರಲ್ಲಿ ಎರಡು ವಿಷಯ ಗಮನಿಸಿ.

ಒಂದು: ಗುಂಪು ಆಟಗಳಲ್ಲಿ ಗೆದ್ದ ಶಾಲೆಯ ತಂಡವೇ ಮೇಲಿನ ಮೆಟ್ಟಿಲಿಗೆ ಹೋಗುತ್ತೆ. ಅಂದ್ರೆ ಅದೇ ಹನ್ನೆರಡು ಮಕ್ಕಳು ವಲಯದಲ್ಲಿ ತಮ್ಮೂರಿನ ಹೆಸರಲ್ಲಿ ಆಡ್ತಾರೆ. ಜಿಲ್ಲೆಗೆ ಹೋದಾಗ ಅವರ ಮೇಲೆ ತಾಲೂಕಿನ ಹೆಸರು ಬರುತ್ತೆ. ವಿಭಾಗಕ್ಕೆ ಹೋದಾಗ ಅವರೇ ‘ಗದಗ ಜಿಲ್ಲೆ’. ಹೋದ ವಾರ ಇವರ ಕೈಲಿ ಸೋತು ಮುಖ ಗಂಟು ಹಾಕ್ಕೊಂಡು ಹೋದ ಪಕ್ಕದೂರಿನವರು, ಈ ವಾರ ಇವರಿಗೇ ಸಿಳ್ಳೆ ಹೊಡೀತಾರೆ. ಮುಂಡರಗಿ ಮೇಲೆ ಆಡುವಾಗ ಲಕ್ಕುಂಡಿ ಕಡೆಯವರೆಲ್ಲ ಒಂದಾಗ್ತಾರೆ. ಧಾರವಾಡದ ಮೇಲೆ ಆಡುವಾಗ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲಾ ಒಂದೇ. ಜಗಳ ಅದೇ ಇರುತ್ತೆ, ‘ನಾವು’ ಅನ್ನೋ ಮಾತು ಮಾತ್ರ ದೊಡ್ಡದಾಗ್ತಾ ಹೋಗುತ್ತೆ.

ಎರಡು: ಸೋತ್ರೆ ಅಲ್ಲಿಗೆ ಮುಗೀತು. ಐಪಿಎಲ್‌ನಲ್ಲಿ ಹದಿನಾಲ್ಕು ಪಂದ್ಯ ಇರುತ್ತೆ, ಇವತ್ತು ಸೋತ್ರೆ ನಾಡಿದ್ದು ನೋಡ್ಕೊಳ್ಳೋಣ ಅನ್ನಬಹುದು. ಇಲ್ಲಿ ಒಂದು ಪಂದ್ಯ ಹೋದ್ರೆ ಒಂದು ವರ್ಷ ಹೋಯ್ತು. ಹತ್ತನೇ ತರಗತಿಯ ಹುಡುಗರಿಗಂತೂ ಮುಂದಿನ ವರ್ಷ ಅನ್ನೋದೇ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಒಬ್ಬ ಪಿಯುಸಿ, ಒಬ್ಬ ಐಟಿಐ, ಒಬ್ಬ ಹೊಲ, ಒಬ್ಬ ಊರೇ ಬಿಟ್ಟ. ಆ ತಂಡ ಮತ್ತೆ ಒಟ್ಟಿಗೆ ನಿಲ್ಲೋದೇ ಇಲ್ಲ. ಅದಕ್ಕೇ ಕೊನೆಯ ಎರಡು ನಿಮಿಷ ಇದ್ದಾಗ ಅಲ್ಲಿ ಆಗೋ ಗದ್ದಲ ಹಾಗಿರುತ್ತೆ.

ಫುಟ್‌ಬಾಲ್ ಅಲ್ಲ, ಕಬಡ್ಡಿ ಯಾಕೆ?

ಬೆಂಗಳೂರಲ್ಲಿ ಆಸ್ಟಿನ್ ಟೌನ್, ಗೌತಮಪುರದ ಕಡೆ ಹೋದ್ರೆ ಫುಟ್‌ಬಾಲ್ ಅಂದ್ರೆ ಜೀವ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಕೊಡಗಿನಲ್ಲಿ ಹಾಕಿ. ಅಲ್ಲಿ ಊರಿನ ಬದಲು ಮನೆತನದ ಹೆಸರಲ್ಲಿ ತಂಡ ಕಟ್ತಾರೆ. 1997ರಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬ, 2024ರ ಹೊತ್ತಿಗೆ 360 ತಂಡಗಳಿಗೆ ಬೆಳೆದು ಗಿನ್ನೆಸ್ ದಾಖಲೆಗೆ ಸೇರ್ತು. ಹಾಗಾದ್ರೆ ನಮ್ಮ ಕಡೆ ಹಳ್ಳಿಗಳಲ್ಲಿ ಕಬಡ್ಡಿ, ಖೋ-ಖೋ, ವಾಲಿಬಾಲ್ ಯಾಕೆ?

ಒಂದು ಲೆಕ್ಕ ಮಾಡೋಣ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಟ್ಟು 130 ಚದರ ಮೀಟರ್, ನಮ್ಮ ಭಾಷೆಯಲ್ಲಿ ಸುಮಾರು ಒಂದೂಕಾಲು ಗುಂಟೆ. ಹೆಣ್ಣುಮಕ್ಕಳದ್ದು 12 ಮೀಟರ್‌ಗೆ 8 ಮೀಟರ್, ಅಂದ್ರೆ ಒಂದು ಗುಂಟೆಗೂ ಕಡಿಮೆ. ಅದೇ 100 ಮೀಟರ್‌ಗೆ 64 ಮೀಟರ್ ಇರೋ ಫುಟ್‌ಬಾಲ್ ಮೈದಾನ ಬೇಕು ಅಂದ್ರೆ ಒಂದೂವರೆ ಎಕರೆಗಿಂತ ಜಾಸ್ತಿ ಜಾಗ ಬೇಕು, ಅದೂ ಸಪಾಟಾಗಿರಬೇಕು. ಒಂದು ಫುಟ್‌ಬಾಲ್ ಮೈದಾನದಲ್ಲಿ ನಲವತ್ತೊಂಬತ್ತು ಕಬಡ್ಡಿ ಅಂಕಣದಷ್ಟು ಜಾಗ ಇದೆ! ಎಷ್ಟು ಸರ್ಕಾರಿ ಹೈಸ್ಕೂಲ್‌ಗೆ ಅಷ್ಟು ಜಾಗ ಇದೆ ಹೇಳಿ?

ಇನ್ನು ಮಣ್ಣು. ನಮ್ಮದು ಎರಿ ನೆಲ. ಮಳೆ ಬಿದ್ರೆ ಕಾಲಿಗೆ ಮೆತ್ತಿಕೊಂಡು ಒಂದೊಂದು ಪಾದ ಒಂದೊಂದು ಕೇಜಿ ಆಗುತ್ತೆ. ಬಿಸಿಲು ಬಿದ್ರೆ ಬಿರುಕು. ದೊಡ್ಡ ಮೈದಾನವನ್ನ ಹದ ಮಾಡೋಕೆ ಆಗಲ್ಲ. ಆದ್ರೆ ಒಂದೂಕಾಲು ಗುಂಟೆಗೆ ಎರಡು ಟ್ರ್ಯಾಕ್ಟರ್ ಮಸಾರಿ ಮಣ್ಣು ತಂದು ಹಾಕಿ, ನೀರು ಹೊಡೆದು, ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆದ್ರೆ ಅಂಕಣ ರೆಡಿ. ನಮ್ಮ ಶಾಲೆಯಲ್ಲಿ ಟ್ರ್ಯಾಕ್ಟರ್ ಕೊಟ್ಟಿದ್ದು ಊರಿನ ಒಬ್ಬ ರೈತ. ಮಣ್ಣು ಹರವಿದ್ದು ನಾವು. ಅಂಕಣ ಕಟ್ಟೋದ್ರಲ್ಲೇ ಊರು ಕೈ ಹಾಕಿಬಿಟ್ಟಿರುತ್ತೆ. ಆಮೇಲೆ ಆ ತಂಡ ಬರೀ ಶಾಲೆಯ ತಂಡ ಅಂತ ಹೇಗಾಗುತ್ತೆ?

ಮತ್ತೊಂದು ಕಾರಣ, ನೋಡೋರು ಎಷ್ಟು ಹತ್ತಿರ ಇರ್ತಾರೆ ಅನ್ನೋದು. ಗೆರೆಯಿಂದ ಎರಡು ಹೆಜ್ಜೆ ದೂರದಲ್ಲಿ ಜನ ಕುಕ್ಕರಗಾಲಲ್ಲಿ ಕೂತಿರ್ತಾರೆ. ದಾಳಿಗೆ ಹೋದ ಹುಡುಗನಿಗೆ ಇರೋದು 30 ಸೆಕೆಂಡ್. ಅವನ ಉಸಿರು ಕೇಳ್ಸುತ್ತೆ. ಅವನು ಯಾರ ಮಗ, ಯಾವ ಓಣಿ, ಅವರಪ್ಪನ ಹೊಲ ಎಲ್ಲಿದೆ, ಎಲ್ಲಾ ಗೊತ್ತಿರೋ ಜನ ಅದು. ‘ಏ ತಮ್ಮಾ, ಎಡಕ್ಕ ನೋಡೋ, ಮೂಲಿಗೆ ನಿಂತಾನ!’ ಅಂತ ಕಾಕಾಗಳು ಹೊರಗಿನಿಂದಲೇ ಕೋಚಿಂಗ್ ಕೊಡ್ತಾರೆ. 2014ರಲ್ಲಿ ಪ್ರೊ ಕಬಡ್ಡಿ ಟಿವಿಗೆ ಬಂತು, 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಪ್ ಗೆಲ್ತು. ಆಮೇಲಂತೂ ಕಾಕಾಗಳ ಬಾಯಲ್ಲೂ ‘ಸೂಪರ್ ಟ್ಯಾಕಲ್’, ‘ಡು ಆರ್ ಡೈ’.

ಸಣ್ಣ ಜಿಲ್ಲೆಯ ದೊಡ್ಡ ಹಟ

ಗದಗದವರ ಹಟಕ್ಕೆ ಒಂದು ಹಿನ್ನೆಲೆಯೂ ಇದೆ. 1997ರವರೆಗೆ ಗದಗ, ಧಾರವಾಡ ಜಿಲ್ಲೆಯ ಭಾಗ. ಜಿಲ್ಲೆ ಅಂದ್ರೆ ಧಾರವಾಡ, ದೊಡ್ಡ ಊರು ಅಂದ್ರೆ ಹುಬ್ಬಳ್ಳಿ. ಆ ವರ್ಷ ಆಗಸ್ಟ್‌ನಲ್ಲಿ ಗದಗ ಬೇರೆ ಜಿಲ್ಲೆ ಆಯ್ತು. ಈಗ ವಿಭಾಗ ಮಟ್ಟಕ್ಕೆ ಹೋದ್ರೆ ಬೆಳಗಾವಿ ವಿಭಾಗದಲ್ಲಿ ಏಳು ಜಿಲ್ಲೆ. ಶಿಕ್ಷಣ ಇಲಾಖೆ ಲೆಕ್ಕದಲ್ಲಿ ಚಿಕ್ಕೋಡಿ, ಶಿರಸಿ ಸೇರಿ ಒಂಬತ್ತು. ಆ ಏಳರಲ್ಲಿ ಜನಸಂಖ್ಯೆಯಲ್ಲಿ ಅತಿ ಚಿಕ್ಕದು ಗದಗ: 2011ರ ಜನಗಣತಿಯಲ್ಲಿ ಸುಮಾರು 10.6 ಲಕ್ಷ. ಬೆಳಗಾವಿ ಜಿಲ್ಲೆ ಸುಮಾರು 47.8 ಲಕ್ಷ. ನಾಲ್ಕೂವರೆ ಪಟ್ಟು ದೊಡ್ಡ ಜಿಲ್ಲೆಯನ್ನ ಸೋಲಿಸಿ ಬಂದ್ರೆ ಆ ಖುಷಿಗೆ ತೂಕ ಬೇರೆ.

ಕ್ರಿಕೆಟ್ ಆಡಿದ ಸುನೀಲ್ ಜೋಶಿ ಗದಗದವರು. ಹುಡುಗನಾಗಿದ್ದಾಗ ಬೆಳ್ಳಂಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ಗದಗಕ್ಕೆ ಬಂದು ಶಾಲೆಗೆ ಕೂರ್ತಿದ್ದರು. ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಗದಗದಲ್ಲಿ ಈ ಕತೆ ಹೇಳುವಾಗ ಜನ ವಿಕೆಟ್‌ಗಿಂತ ಮೊದಲು ಆ ಹುಬ್ಬಳ್ಳಿ ಪ್ರಯಾಣ ಹೇಳ್ತಾರೆ. ಯಾಕಂದ್ರೆ ನಮಗೆಲ್ಲ ಗೊತ್ತಿರೋ ಕಷ್ಟ ಅದು. ಮೈದಾನ ಇನ್ನೊಂದೂರಲ್ಲಿ, ಬಸ್ಸು ಬೆಳಿಗ್ಗೆ, ಶಾಲೆ ಹತ್ತಕ್ಕೆ.

ಟೆಕ್ಸಾಸ್‌ನ ಒಂದು ಊರು

ಈ ಹುಚ್ಚು ನಮ್ಮದಷ್ಟೇ ಅಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಒಡೆಸ್ಸಾ ಅಂತ ಒಂದು ಊರಿದೆ, ತೈಲ ಬಾವಿಗಳ ಊರು. 1980ರ ದಶಕದ ಕೊನೆಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 90 ಸಾವಿರ, ಈಗಿನ ಗದಗ-ಬೆಟಗೇರಿಗಿಂತ ಎಷ್ಟೋ ಸಣ್ಣದು. ಆದ್ರೆ ಅಲ್ಲಿ ಹೈಸ್ಕೂಲ್ ಹುಡುಗರು ಫುಟ್‌ಬಾಲ್ ಆಡೋ ಕ್ರೀಡಾಂಗಣದಲ್ಲಿ 17 ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಅಮೆರಿಕನ್ ಫುಟ್‌ಬಾಲ್ ಅದು, ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಓಡೋದು. ಶುಕ್ರವಾರ ರಾತ್ರಿ ಪಂದ್ಯ ಅಂದ್ರೆ ಇಡೀ ಊರು ಅಲ್ಲೇ.

ಬಿಸಿಂಜರ್ ಅನ್ನೋ ಪತ್ರಕರ್ತ 1988ರ ಆಟದ ಋತುವನ್ನ ಅಲ್ಲೇ ಇದ್ದು ನೋಡಿ ‘ಫ್ರೈಡೇ ನೈಟ್ ಲೈಟ್ಸ್’ ಅಂತ ಪುಸ್ತಕ ಬರೆದರು. ಅದರಲ್ಲಿ ಬೂಬಿ ಮೈಲ್ಸ್ ಅನ್ನೋ ಹುಡುಗ ತಂಡದ ಸ್ಟಾರ್. ಋತು ಶುರುವಾಗೋ ಮುಂಚೆ ಅಭ್ಯಾಸ ಪಂದ್ಯದಲ್ಲಿ ಮೊಣಕಾಲು ಹೋಯ್ತು. ಊರು ಕೆಲವೇ ದಿನದಲ್ಲಿ ಅವನ ಜಾಗಕ್ಕೆ ಬಂದ ಇನ್ನೊಬ್ಬನನ್ನ ಹೊಗಳೋಕೆ ಶುರು ಮಾಡ್ತು. ತಂಡ ಒಂದು ದೊಡ್ಡ ಪಂದ್ಯ ಸೋತಾಗ ಕೋಚ್ ಮನೆ ಮುಂದೆ ಯಾರೋ ‘ಮನೆ ಮಾರಾಟಕ್ಕಿದೆ’ ಅನ್ನೋ ಬೋರ್ಡ್‌ಗಳನ್ನ ನೆಟ್ಟು ಹೋಗಿದ್ದರು.

ಜಪಾನ್‌ನಲ್ಲಿ ಹೈಸ್ಕೂಲ್ ಬೇಸ್‌ಬಾಲ್ ಹಾಗೇ. 1915ರಿಂದ ನಡೀತಿರೋ ಟೂರ್ನಿ, 1924ರಿಂದ ಕೋಶಿಯೆನ್ ಅನ್ನೋ ಕ್ರೀಡಾಂಗಣದಲ್ಲಿ. ಅಲ್ಲೂ ಸೋತ್ರೆ ಹೊರಗೆ. ಸೋತ ತಂಡದ ಹುಡುಗರು ಆ ಮೈದಾನದ ಕಪ್ಪು ಮಣ್ಣನ್ನ ಚೀಲದಲ್ಲಿ ತುಂಬ್ಕೊಂಡು ಊರಿಗೆ ತರ್ತಾರೆ. ಸೋತವರ ಕೈಯಲ್ಲೂ ಏನೋ ಒಂದು ಇರುತ್ತೆ. ನಮ್ಮಲ್ಲಿ ಸೋತವರು ಬರಿಗೈಲಿ, ಟಂಟಂನ ಹಿಂದುಗಡೆ ತಲೆ ಬಗ್ಗಿಸಿ ಕೂತು ಬರ್ತಾರೆ.

ನಮ್ಮ ತಂಡದ ರೈಡರ್

ಬೂಬಿ ಮೈಲ್ಸ್ ಕತೆ ಓದಿದಾಗ ನನಗೆ ನೆನಪಾಗಿದ್ದು ನಮ್ಮ ತಂಡದ ರೈಡರ್. ಹೆಸರು ಬೇಡ. ತಾಲೂಕು ಮಟ್ಟದಲ್ಲಿ ಗೆದ್ದಾಗ ಅವನನ್ನ ಹೆಗಲ ಮೇಲೆ ಹೊತ್ತು, ಹಲಗಿ ಬಾರಿಸ್ಕೋತ, ಗುಲಾಲು ಹಾರಿಸ್ಕೋತ ಗುಡಿ ತನಕ ಮೆರವಣಿಗೆ ಮಾಡಿದ್ವಿ. ಮಿರ್ಚಿ-ಗಿರ್ಮಿಟ್ ಯಾರೋ ಕೊಡಿಸಿದ್ರು. ಜಿಲ್ಲಾ ಮಟ್ಟದ ಪಂದ್ಯದಲ್ಲಿ ಒಬ್ಬ ಅವನ ಪಾದ ಹಿಡಿದ, ಇನ್ನೊಬ್ಬ ಸೊಂಟ. ಮೈ ಒಂದು ಕಡೆ ತಿರುಗ್ತು, ಮೊಣಕಾಲು ಇನ್ನೊಂದು ಕಡೆ. ‘ಟಕ್’ ಅಂತ ಸಪ್ಪಳ ಬಂದಿದ್ದು ಹೊರಗೆ ಕೂತಿದ್ದ ನನಗೂ ಕೇಳ್ಸಿತ್ತು. ಆದ್ರೂ ‘ಏನಾಗಿಲ್ಲ ಬಿಡೋ, ಏಳು’ ಅಂತ ಸುತ್ತಲಿನವರು ಎಬ್ಬಿಸಿದ್ರು. ಐದು ನಿಮಿಷ ಬಿಟ್ಟು ಮತ್ತೆ ಆಡಿಸಿದ್ರು. ನಾವು ಸೋತ್ವಿ.

ವಾಪಸ್ ಬರುವಾಗ ಯಾರೂ ಅವನ ಕಾಲಿನ ಬಗ್ಗೆ ಮಾತಾಡಲಿಲ್ಲ. ಎಲ್ಲರೂ ಮಾತಾಡಿದ್ದು ಅಂಪೈರ್ ಬಗ್ಗೆ. ಅವರ ಮನೆಯವರು ಎಣ್ಣೆ ಹಚ್ಚಿ ತಿಕ್ಕಿಸಿದ್ರು. ಬಾವು ಇಳೀತು, ಕಾಲು ಮಾತ್ರ ಗಟ್ಟಿ ನಿಲ್ಲಲಿಲ್ಲ. ಮುಂದಿನ ವರ್ಷ ಹೊಸ ರೈಡರ್ ಬಂದ. ಇವತ್ತೂ ನಮ್ಮವ ಮೆಟ್ಟಿಲು ಇಳಿಯುವಾಗ ಗೋಡೆ ಹಿಡ್ಕೋತಾನೆ. ಅವನ ಮೇಲೆ ಗುಲಾಲು ಹಾಕಿದ ಕೈಗಳಲ್ಲಿ ನನ್ನ ಕೈಯೂ ಒಂದು, ಆಮೇಲೆ ಅವನ ಮನೆಗೆ ಹೋಗಿ ವಿಚಾರಿಸದೇ ಇದ್ದ ಕಾಲುಗಳಲ್ಲಿ ನನ್ನದೂ ಒಂದು. ಈ ಸಂಚಿಕೆ ಮಾಡ್ಬೇಕು ಅನ್ಸಿದ್ದು ಅದಕ್ಕೇ.

ಕೇಳ್ತಿರೋ ಆಟಗಾರರಿಗೆ ಒಂದು ಮಾತು: ಮೊಣಕಾಲು ತಿರುಚಿ ‘ಟಕ್’ ಅಂದ್ರೆ, ಕೆಲವೇ ತಾಸಿನಲ್ಲಿ ಬಾವು ಬಂದ್ರೆ, ಒಳಗಿನ ಅಸ್ಥಿರಜ್ಜು ಹರಿದಿರಬಹುದು. ಅವತ್ತು ಮತ್ತೆ ಆಡಬೇಡಿ. ಬಟ್ಟೆಯಲ್ಲಿ ಐಸ್ ಸುತ್ತಿ ಇಡಿ, ತಿಕ್ಕಿಸಬೇಡಿ, ಎಳೆಸಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ. ಗದಗದ ಜಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಮೂಳೆ ವಿಭಾಗ ಇದೆ. ಒಂದು ಕಪ್‌ಗಿಂತ ಮೊಣಕಾಲು ದೊಡ್ಡದು.

ಹುಡುಗಿಯರ ಲೆಕ್ಕ ಬೇರೆ

ಹುಡುಗರ ತಂಡಕ್ಕೆ ಮೆರವಣಿಗೆ ಆದ್ರೆ, ಹುಡುಗಿಯರ ತಂಡಕ್ಕೆ ಬಹಳ ಕಡೆ ಪ್ರಾರ್ಥನೆ ಹೊತ್ತಲ್ಲಿ ಒಂದು ಚಪ್ಪಾಳೆ. ‘ಸಂಜಿ ಮುಂದ ಪ್ರ್ಯಾಕ್ಟೀಸ್ ಬ್ಯಾಡವಾ, ಕತ್ತಲಾಗ್ತೈತಿ’ ಅನ್ನೋ ಮಾತು ಅವರಿಗೆ ಮಾತ್ರ. ಎಸ್ಸೆಸ್ಸೆಲ್ಸಿ ಆದಮೇಲೆ ಆಟ ನಿಲ್ಲೋದೂ ಅವರದ್ದೇ ಮೊದಲು.

ಆದ್ರೆ ಹಳ್ಳಿ ಶಾಲೆಯ ಆಟ ಎಲ್ಲಿಗೆ ಹೋಗಬಹುದು ಅಂತ ತೋರಿಸಿದ್ದೂ ಒಬ್ಬ ಹುಡುಗಿಯೇ. ಮೈಸೂರು ಜಿಲ್ಲೆ ತಿ.ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ. 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಫೈನಲ್. ಭಾರತದ ಹೆಣ್ಣುಮಕ್ಕಳು ನೇಪಾಳವನ್ನ 78-40ರಿಂದ ಸೋಲಿಸಿದರು, ಚೈತ್ರಾ ಆ ತಂಡದಲ್ಲಿದ್ದರು. ಪುರುಷರ ತಂಡವೂ ಗೆಲ್ತು, ಅದರಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್ ಇದ್ದರು. ಆಮೇಲೆ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಅದನ್ನ ಒಪ್ಪಲಿಲ್ಲ. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳ ಲೆಕ್ಕದಲ್ಲಿ ಕೊಡ್ತಿರುವಾಗ ನಮಗೆ ಇಷ್ಟೇನಾ ಅನ್ನೋದು ಅವರ ಪ್ರಶ್ನೆ. ಕೆಲವರು ಅದನ್ನ ಸೊಕ್ಕು ಅಂದ್ರು. ನನಗೆ ಹಾಗನ್ನಿಸಲಿಲ್ಲ. ‘ನಮ್ಮ ಹೆಮ್ಮೆ’ ಅಂತ ಸ್ಟೇಟಸ್ ಹಾಕೋರು ಆ ಹೆಮ್ಮೆಯ ಬೆಲೆ ಎಷ್ಟು ಅಂತ ಕೇಳಿಸ್ಕೊಳ್ಳಲೇಬೇಕು.

ಹಾಗಾದ್ರೆ ಏನು ಮಾಡೋದು?

ಅಭಿಮಾನ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದಿಲ್ಲದಿದ್ರೆ ಆ ಎರಡು ಟ್ರ್ಯಾಕ್ಟರ್ ಮಣ್ಣು ಬರ್ತಿರಲಿಲ್ಲ. ಜರ್ಸಿ ಹೊಲಿಸೋಕೆ ದುಡ್ಡು ಬರ್ತಿರಲಿಲ್ಲ. ಪಿ.ಟಿ. ಮಾಸ್ತರು ಸಂಜೆ ಆರರ ತನಕ ನಿಲ್ತಿರಲಿಲ್ಲ. ಪ್ರಶ್ನೆ ಏನಂದ್ರೆ, ಆ ಅಭಿಮಾನ ಪಂದ್ಯ ಮುಗಿದ ಮರುದಿನ ಎಲ್ಲಿರುತ್ತೆ?

ಮೂರು ಕೆಲಸ ಹೇಳ್ತೀನಿ, ಮೂರೂ ಕಷ್ಟದ್ದಲ್ಲ.

ಮೊದಲನೆಯದು, ಕಾಗದ. ವೃತ್ತಿಪರ ಕೋರ್ಸ್‌ಗಳ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆ. ಪೊಲೀಸ್ ನೇಮಕಾತಿಯಲ್ಲೂ ಕ್ರೀಡಾಪಟುಗಳಿಗೆ ಅವಕಾಶ ಇದೆ. ಮೇಲಿನ ಮೆಟ್ಟಿಲಿನ ಪ್ರಮಾಣಪತ್ರಕ್ಕೆ ತೂಕ ಜಾಸ್ತಿ. ಆಡಿದ ಪ್ರತಿ ಹಂತದ ಪ್ರಮಾಣಪತ್ರ ಅವತ್ತೇ ಇಸ್ಕೊಳ್ಳಿ. ಹೆಸರು, ಹುಟ್ಟಿದ ತಾರೀಖು ಶಾಲೆಯ ದಾಖಲೆ ಪ್ರಕಾರ ಸರಿ ಇದೆಯಾ ನೋಡಿ. ಫೋಟೊ ತೆಗೆದು ಫೋನಲ್ಲಿ ಇಟ್ಕೊಳ್ಳಿ. ಗೆಲ್ಲೋ ಆಸೆಗೆ ವಯಸ್ಸು ತಿದ್ದೋಕೆ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ. ಸಿಕ್ಕಿಬಿದ್ರೆ ಹೋಗೋದು ನಿಮ್ಮ ಭವಿಷ್ಯ, ಹೇಳಿದವರದ್ದಲ್ಲ.

ಎರಡನೆಯದು, ಹಳೇ ವಿದ್ಯಾರ್ಥಿಗಳಿಗೆ. ಗೆದ್ದಾಗ ಕಟ್ಟಿಸೋ ಬ್ಯಾನರ್ ದುಡ್ಡಿನಲ್ಲಿ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ, ನಾಲ್ಕು ಜೊತೆ ಮೊಣಕಾಲು ಪಟ್ಟಿ, ಹುಡುಗಿಯರ ತಂಡಕ್ಕೆ ಸಂಜೆ ಮನೆಗೆ ಬಿಡೋ ಗಾಡಿ ಬಾಡಿಗೆ ಆಗುತ್ತೆ. ಬ್ಯಾನರ್ ಒಂದು ಮಳೆಗೆ ಹರೀತದೆ.

ಮೂರನೆಯದು, ಸೋತವರಿಗೆ. ಮುಂದಿನ ಸಲ ನಿಮ್ಮೂರ ತಂಡ ಗದಗದ ಕೆ.ಎಚ್. ಪಾಟೀಲ ಕ್ರೀಡಾಂಗಣದಿಂದ ಸೋತು ಬಂದ್ರೆ, ಬಸ್‌ಸ್ಟ್ಯಾಂಡಿಗೆ ಹೋಗಿ. ಹಲಗಿ ಬೇಡ, ಗುಲಾಲು ಬೇಡ. ಚಹಾ ಕೊಡಿಸಿ, ‘ಕಾಲಿಗೆ ಏನಾದ್ರೂ ಆಗೈತೇನೋ ತಮ್ಮಾ?’ ಅಂತ ಕೇಳಿ. ನಮ್ಮ ರೈಡರ್‌ಗೆ ಅವತ್ತು ಬೇಕಾಗಿದ್ದದ್ದು ಅಷ್ಟೇ.

ಈ ಸಂಚಿಕೆ ರೆಕಾರ್ಡ್ ಮಾಡೋ ಮೊದಲು ಅವನಿಗೆ ಫೋನ್ ಮಾಡಿದ್ದೆ. ‘ನಿನ್ ಕತಿ ಹೇಳ್ಲೇನೋ?’ ಅಂತ ಕೇಳ್ದೆ. ‘ಹೇಳೋ, ಆದ್ರ ತಾಲೂಕ್ ಫೈನಲ್‌ದಾಗ ನಾ ಒಂದ ರೈಡ್‌ನ್ಯಾಗ ಮೂರ್ ಮಂದಿ ಔಟ್ ಮಾಡಿದ್ದನ್ನೂ ಹೇಳು’ ಅಂದ. ಹೇಳಿದೀನಿ ನೋಡ್ರಿ. ಮೂರು ಮಂದಿ, ಒಂದೇ ರೈಡ್‌ನಲ್ಲಿ.

ನಿಮ್ಮೂರ ತಂಡದ ಕತೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಗೆದ್ದದ್ದಾದ್ರೂ ಸರಿ, ಸೋತದ್ದಾದ್ರೂ ಸರಿ. ಮುಂದಿನ ವಾರ ಮತ್ತೆ ಸಿಗೋಣ. ಬರ್ತೀನ್ರೀ, ನಮಸ್ಕಾರ.